ತುದಿಯಿಂದ ಎಣಿಸಬೇಕಾದ ಮರ

ಕಲ್ಲುಗಣಿಗೋ ಜಲ್ಲಿ ಕ್ರಷರಿಗೋ ಅನುಮತಿ ಕೋರುವ ಕಡತಗಳಲ್ಲಿ ಸಾಮಾನ್ಯವಾಗಿ ಎರಡು ಮಾತುಗಳು ಇರುತ್ತವೆ. ಧೂಳಿನ ಪ್ರಮಾಣವು ನಿಗದಿತ ಮಿತಿಯೊಳಗೇ ಇರುತ್ತದೆ ಎಂಬುದು ಒಂದು. ಸುತ್ತಲಿನ ಜನರಲ್ಲಿ ಉಸಿರಾಟದ ಕಾಯಿಲೆ ಕಂಡುಬಂದಿಲ್ಲ ಎಂಬುದು ಇನ್ನೊಂದು. ಮೊದಲನೆಯದು ಗಾಳಿಯನ್ನು ಕುರಿತದ್ದು, ಎರಡನೆಯದು ಶ್ವಾಸಕೋಶವನ್ನು ಕುರಿತದ್ದು. ಎರಡನ್ನೂ ಒಟ್ಟಿಗೆ ಓದಿದವರಿಗೆ, ಮಿತಿಯೊಳಗಿನ ಧೂಳನ್ನು ಶ್ವಾಸಕೋಶ ತಾಳಿಕೊಳ್ಳುತ್ತದೆ, ತಾಳಲಾರದಿದ್ದರೆ ಕೆಮ್ಮಿ ತಿಳಿಸುತ್ತದೆ ಎಂಬ ನಂಬಿಕೆ ಹುಟ್ಟುವುದು ಸಹಜ. ಆದರೆ ಶ್ವಾಸಕೋಶದೊಳಗಿನ ಗಾಳಿದಾರಿಗಳ ಕವಲುಗಳನ್ನು ಗಣಿತದಿಂದ ಅರಿಯಲು ನೂರು ವರ್ಷಗಳಿಂದ ನಡೆದುಬಂದ ಕೆಲಸವು ಈ ನಂಬಿಕೆಯ ಬುಡವನ್ನೇ ಅಲುಗಾಡಿಸುತ್ತದೆ. ಧೂಳು ಹೊಗೆಗಳ ನಡುವೆ ಬದುಕುವ ಊರುಗಳಿಗೆ ಆ ಲೆಕ್ಕ ತಲುಪಬೇಕಾಗಿದೆ. ಅದರಲ್ಲಿ ಪಿಯುಸಿ ವಿದ್ಯಾರ್ಥಿಗೆ ಎಟುಕದಂತಹುದು ಹೆಚ್ಚೇನೂ ಇಲ್ಲ.

ಗಂಟಲು ದಾಟಿದ ಗಾಳಿ ಶ್ವಾಸನಾಳಕ್ಕೆ ಇಳಿಯುತ್ತದೆ. ಶ್ವಾಸನಾಳವು ಎದೆಯೊಳಗೆ ಎರಡಾಗುತ್ತದೆ. ಆ ಎರಡು ನಾಲ್ಕಾಗುತ್ತವೆ, ನಾಲ್ಕು ಎಂಟಾಗುತ್ತವೆ. ಬುಡ ಮೇಲಾಗಿ ತುದಿ ಕೆಳಗಾದ ಒಂದು ಮರ ಇದು. ಈ ಮರವನ್ನು ಕ್ರಮವಾಗಿ ಅಳೆದು ಗಣಿತದ ಚೌಕಟ್ಟಿಗೆ ತಂದವರು ಸ್ವಿಟ್ಜರ್ಲೆಂಡಿನ ಅಂಗರಚನಾ ವಿಜ್ಞಾನಿ ಎವಾಲ್ಡ್ ವೈಬೆಲ್ (1929–2019). ನ್ಯೂಯಾರ್ಕಿನಲ್ಲಿ ಡೊಮಿಂಗೊ ಗೋಮೆಜ್ ಅವರೊಡನೆ ಆರಂಭಿಸಿದ ಈ ಕೆಲಸವನ್ನು ಅವರು 1963ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಮೇಲಿನ ದೊಡ್ಡ ಕವಲುಗಳನ್ನು ಶ್ವಾಸಕೋಶದ ಎರಕದ ಮೇಲೆ ಅಳೆಯಲಾಯಿತು. ಕಣ್ಣಿಗೆ ನಿಲುಕದ ಕೆಳಗಿನವುಗಳನ್ನು ತೆಳುವಾದ ಸೀಳುಗಳಲ್ಲಿ ಸೂಕ್ಷ್ಮದರ್ಶಕದಿಂದ ನೋಡಿ, ಎಣಿಸಿ, ಲೆಕ್ಕದಿಂದ ತುಂಬಲಾಯಿತು.

ವೈಬೆಲ್ ಅವರ ಸರಳ ಮಾದರಿಯಲ್ಲಿ ಶ್ವಾಸನಾಳ ಸೊನ್ನೆಯ ತಲೆಮಾರು. ಪ್ರತಿ ಕವಲಿಗೆ ಒಂದು ತಲೆಮಾರು ಇಳಿಯುತ್ತದೆ, ಒಟ್ಟು ಇಳಿತ 23. ಎರಡನ್ನು ಇಪ್ಪತ್ತಮೂರು ಸಲ ಗುಣಿಸಿದರೆ 83,88,608. ಕೊನೆಯ ಸಾಲಿನಲ್ಲಿ ಇಷ್ಟು ಕೊಳವೆಗಳು. ಮೊದಲ ಹದಿನಾರು ತಲೆಮಾರುಗಳವರೆಗಿನವು ಗಾಳಿಯನ್ನು ಸಾಗಿಸುವ ದಾರಿಗಳು ಮಾತ್ರ. ಹದಿನೇಳನೆಯದರಿಂದ ಕೊಳವೆಗಳ ಗೋಡೆಯಲ್ಲಿ ಗಾಳಿಗೂಡುಗಳು ಕಾಣಿಸಿಕೊಳ್ಳುತ್ತವೆ, ಆಮ್ಲಜನಕ ರಕ್ತಕ್ಕೆ ಸೇರುವುದು ಅಲ್ಲಿ. ಗಾಳಿಗೂಡುಗಳ ಸಂಖ್ಯೆಯನ್ನು ವೈಬೆಲ್ ಮತ್ತು ಗೋಮೆಜ್ 30 ಕೋಟಿ ಎಂದು ಅಂದಾಜಿಸಿದ್ದರು. 2004ರಲ್ಲಿ ಹೊಸ ವಿಧಾನದಿಂದ ನಡೆದ ಎಣಿಕೆಯಲ್ಲಿ ಸರಾಸರಿ 48 ಕೋಟಿ ಬಂದಿತು. ಅವುಗಳ ಒಳಮೈಯನ್ನು ಹಾಸಿದರೆ ನೂರು ಚದರ ಮೀಟರಿಗೂ ಮಿಕ್ಕಿದ ಅಂಗಳವಾಗುತ್ತದೆ.

ಕೊಳವೆಗಳು ಇಳಿಯುತ್ತ ಹೋದಂತೆ ಕಿರಿದಾಗುತ್ತವೆ. ಶ್ವಾಸನಾಳದ ವ್ಯಾಸ 1.8 ಸೆಂಟಿಮೀಟರ್ ಆದರೆ ಹದಿನಾರನೆಯ ತಲೆಮಾರಿನದು 0.6 ಮಿಲಿಮೀಟರ್. ಆದರೆ ಒಂದೊಂದೇ ಕೊಳವೆಯನ್ನು ನೋಡಿದರೆ ಮುಖ್ಯವಾದ ಸಂಗತಿಯೇ ತಪ್ಪಿಹೋಗುತ್ತದೆ. ಒಂದು ತಲೆಮಾರಿನ ಎಲ್ಲ ಕೊಳವೆಗಳ ಬಾಯಿಗಳನ್ನು ಒಟ್ಟುಗೂಡಿಸಿದರೆ, ಶ್ವಾಸನಾಳದಲ್ಲಿ ಸುಮಾರು ಎರಡೂವರೆ ಚದರ ಸೆಂಟಿಮೀಟರ್ ಇದ್ದ ಅಗಲ ಹದಿನಾರನೆಯ ತಲೆಮಾರಿನಲ್ಲಿ ಸುಮಾರು 180 ಆಗುತ್ತದೆ, ಕೊನೆಯ ತಲೆಮಾರಿನಲ್ಲಿ ಹನ್ನೊಂದು ಸಾವಿರವನ್ನು ಮೀರುತ್ತದೆ. ದಾರಿ ಕಿರಿದಾಗುತ್ತಿದೆ, ದಾರಿಗಳ ಮೊತ್ತ ಹಿರಿದಾಗುತ್ತಿದೆ.

ಕೆರೆಯ ಅಚ್ಚುಕಟ್ಟನ್ನು ನೋಡಿದವರಿಗೆ ಇದರ ಪರಿಣಾಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ತೂಬಿನಿಂದ ಹೊರಬಿದ್ದ ನೀರು ಕಾಲುವೆಯಲ್ಲಿ ರಭಸವಾಗಿ ಓಡುತ್ತದೆ, ಕಿರುಗಾಲುವೆಗಳಲ್ಲಿ ನಿಧಾನವಾಗುತ್ತದೆ, ಗದ್ದೆಗೆ ಹರಡಿದಾಗ ನಿಂತೇಬಿಡುತ್ತದೆ. ನೀರು ಹೊತ್ತು ತಂದ ಸಣ್ಣ ಮಣ್ಣು ತಳಕ್ಕಿಳಿಯುವುದು ಆ ನಿಂತ ನೀರಿನಲ್ಲಿ. ಶ್ವಾಸಕೋಶದಲ್ಲಿಯೂ ಹೀಗೆಯೇ. ದೊಡ್ಡ ಕೊಳವೆಗಳಲ್ಲಿ ಗಾಳಿ ಬೀಸುತ್ತದೆ. ಹತ್ತು ಮೈಕ್ರಾನಿಗಿಂತ ದಪ್ಪನೆಯ ಕಣಗಳು ಬಹುಪಾಲು ಮೂಗು ಗಂಟಲಿನಲ್ಲಿಯೇ ಸಿಕ್ಕಿಬೀಳುತ್ತವೆ, ಅದಕ್ಕಿಂತ ತುಸು ಸಣ್ಣವು ತಿರುವಿನಲ್ಲಿ ತಿರುಗಲಾರದೆ ಕವಲಿನ ಮೂಲೆಗಳಿಗೆ ಹೋಗಿ ಬಡಿಯುತ್ತವೆ. ತುದಿಯ ದಾರಿಗಳಲ್ಲಿ ಗಾಳಿಗೆ ಓಟವೇ ಇಲ್ಲ. ಎರಡು ಮೈಕ್ರಾನಿನ ಆಸುಪಾಸಿನ ಮತ್ತು ಅದಕ್ಕೂ ಕಿರಿದಾದ ಕಣಗಳು ಅಲ್ಲಿಯವರೆಗೆ ತೇಲಿಹೋಗಿ ಮೆಲ್ಲನೆ ಕೂರುತ್ತವೆ. ಮೇಲಿನ ದಾರಿಗಳಲ್ಲಿ ಕೂತದ್ದನ್ನು ಲೋಳೆಯೂ ಸೂಕ್ಷ್ಮ ರೋಮಗಳೂ ಒಂದೆರಡು ದಿನದಲ್ಲಿ ಮೇಲಕ್ಕೆ ತಳ್ಳಿಬಿಡುತ್ತವೆ. ಗಾಳಿಗೂಡುಗಳಲ್ಲಿ ಆ ರೋಮಗಳಿಲ್ಲ. ಅಲ್ಲಿ ಕೂತದ್ದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯಬಹುದು. ಕಲ್ಲಿನ ಧೂಳಿನಲ್ಲಿರುವ ಸಿಲಿಕಾ ಅಲ್ಲಿ ಉಳಿದು ಅಂಗಾಂಶವನ್ನು ಗಡಸುಗೊಳಿಸುವುದಕ್ಕೇ ಸಿಲಿಕೋಸಿಸ್ ಎಂಬ ಹೆಸರು.

ಕಣಗಳು ಎಲ್ಲೆಲ್ಲಿ ಕೂರುತ್ತವೆ ಎಂಬ ಲೆಕ್ಕವನ್ನು 1935ರಲ್ಲಿ ಮೊದಲಿಗೆ ಮಾಡಿದ ಜರ್ಮನಿಯ ವಾಲ್ಟರ್ ಫಿಂಡೈಸೆನ್ ವೈದ್ಯರಲ್ಲ, ಹವಾಮಾನ ವಿಜ್ಞಾನಿ. ಮೋಡದೊಳಗೆ ಹಿಮದ ಹರಳುಗಳು ಬೆಳೆದು ಮಳೆಯಾಗುವ ಬಗೆಯನ್ನು ವಿವರಿಸಿದವರಲ್ಲಿ ಅವರೂ ಒಬ್ಬರು. ಗಾಳಿಯಲ್ಲಿ ತೇಲುವ ಹನಿಯ ಲೆಕ್ಕವನ್ನು ಬಲ್ಲವರಿಗೆ ಎದೆಯೊಳಗಿನ ಧೂಳಿನ ಲೆಕ್ಕವೂ ಒಲಿಯಿತು. ಅವರು ಶ್ವಾಸಕೋಶವನ್ನು ಕೆಲವೇ ಭಾಗಗಳಾಗಿ ವಿಂಗಡಿಸಿಕೊಂಡಿದ್ದರು. ವೈಬೆಲ್ ಅವರ ಅಳತೆಗಳು ಬಂದ ನಂತರ ಆ ಲೆಕ್ಕ ತಲೆಮಾರು ತಲೆಮಾರಾಗಿ ನಡೆಯತೊಡಗಿತು.

ಈಗ ಮಿತಿಯ ಮಾತಿಗೆ ಬರಬಹುದು. 2009ರ ರಾಷ್ಟ್ರೀಯ ವಾಯುಗುಣಮಟ್ಟ ಮಾನಕದ ಪ್ರಕಾರ 2.5 ಮೈಕ್ರಾನಿಗಿಂತ ಸಣ್ಣ ಕಣಗಳು ವಾರ್ಷಿಕ ಸರಾಸರಿಯಲ್ಲಿ ಘನಮೀಟರಿಗೆ 40 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಅಂಕಿ 5. ಈ ಎಂಟು ಪಟ್ಟಿನ ಅಂತರ ಒತ್ತಟ್ಟಿಗಿರಲಿ. ಎರಡೂ ತೂಕದ ಅಳತೆಗಳು. ಹತ್ತು ಮೈಕ್ರಾನಿನ ಒಂದು ಕಣದ ತೂಕವು ಒಂದು ಮೈಕ್ರಾನಿನ ಸಾವಿರ ಕಣಗಳ ತೂಕಕ್ಕೆ ಸಮ. ತಕ್ಕಡಿಯಲ್ಲಿ ದಪ್ಪ ಕಣಗಳದ್ದೇ ಕಾರುಬಾರು. ಆದುದರಿಂದ ಒಟ್ಟು ಧೂಳಿನ ಒಂದೇ ಅಂಕಿಯನ್ನು ಕೊಟ್ಟು ಮುಗಿಸುವ ವರದಿಯು ಮೂಗಿನಲ್ಲಿ ನಿಲ್ಲುವ ಧೂಳನ್ನು ತೂಗಿರುತ್ತದೆ, ತುದಿಗೆ ಇಳಿಯುವುದರ ಬಗ್ಗೆ ಹೆಚ್ಚೇನನ್ನೂ ಹೇಳಿರುವುದಿಲ್ಲ.

ವೈಬೆಲ್ ಅವರ ಮಾದರಿ ಮೇಲಿನಿಂದ ಕೆಳಗೆ ಎಣಿಸುತ್ತದೆ. ಹಾಗೆ ಎಣಿಸುವಾಗ ಎಡಬಲಗಳು ಸಮವೆಂದೂ ಎಲ್ಲ ತುದಿಗಳೂ ಒಂದೇ ಆಳದಲ್ಲಿವೆಯೆಂದೂ ಹಿಡಿಯಬೇಕಾಗುತ್ತದೆ. ನಿಜವಾದ ಶ್ವಾಸಕೋಶ ಹಾಗಿಲ್ಲ. ಬಲಗಡೆ ಮೂರು ಹಾಲೆಗಳು, ಎಡಗಡೆ ಎರಡು. ಕೆಲವು ತುದಿಗಳು ಹತ್ತೇ ಕವಲುಗಳಲ್ಲಿ ಸಿಗುತ್ತವೆ, ಕೆಲವಕ್ಕೆ ಇಪ್ಪತ್ತು ದಾಟಬೇಕು. ಇದು ವೈಬೆಲ್ ಅವರಿಗೆ ತಿಳಿಯದ್ದಲ್ಲ. ಅದೇ ಗ್ರಂಥದಲ್ಲಿ ಅಸಮ ಕವಲುಗಳ ಎರಡನೆಯ ಮಾದರಿಯನ್ನೂ ಅವರು ಕೊಟ್ಟಿದ್ದರು. ಆದರೆ ಲೆಕ್ಕಕ್ಕೆ ಸುಲಭವಾದದ್ದೇ ಜನಪ್ರಿಯವಾಯಿತು. 1968ರಲ್ಲಿ ಇಂಗ್ಲೆಂಡಿನ ಹಾರ್ಸ್‌ಫೀಲ್ಡ್ ಮತ್ತು ಕಮಿಂಗ್ ಅವರು ಒಂದು ಶ್ವಾಸಕೋಶದ ರಾಳದ ಎರಕವನ್ನು ತೆಗೆದು, ಸಾವಿರಾರು ಕವಲುಗಳನ್ನು ಅಳೆದು, ಎಣಿಕೆಯ ದಿಕ್ಕನ್ನೇ ತಿರುಗಿಸಿದರು. ತುದಿಯ ಕವಲಿಗೆ ಒಂದನೆಯ ದರ್ಜೆ ಕೊಟ್ಟು ಮೇಲಕ್ಕೆ ಬಂದರು.

ಈ ಕ್ರಮ ಬೆಟ್ಟಗಳ ನಾಡಿಗೆ ಹೊಸದಲ್ಲ. ಭೂಗೋಳದ ವಿದ್ಯಾರ್ಥಿಗಳು ಹೊಳೆಗಳ ದರ್ಜೆಯನ್ನು ಗುರುತಿಸುವುದು ಹೀಗೆಯೇ: ಒರತೆಯಿಂದ ಹೊರಟ ಮೊದಲ ತೊರೆ ಒಂದನೆಯ ದರ್ಜೆ, ಅಂತಹ ಎರಡು ಕೂಡಿದರೆ ಎರಡನೆಯದು. ಅಮೆರಿಕದ ರಾಬರ್ಟ್ ಹಾರ್ಟನ್ 1945ರಲ್ಲಿ ರೂಪಿಸಿ ಆರ್ಥರ್ ಸ್ಟ್ರಾಲರ್ 1952ರಲ್ಲಿ ತಿದ್ದಿದ ಈ ವಿಧಾನವನ್ನು ಶ್ವಾಸಕೋಶದ ಸಂಶೋಧಕರು ನದಿಗಳ ಶಾಸ್ತ್ರದಿಂದ ಎರವಲು ಪಡೆದರು. ತುದಿಯಿಂದ ಎಣಿಸಿದಾಗ ಒಂದು ಅನುಕೂಲವಿದೆ. ಒಂದೇ ಬಗೆಯ ಕೆಲಸ ಮಾಡುವ ಕವಲುಗಳು, ಅವು ಬುಡದಿಂದ ಎಷ್ಟೇ ದೂರದಲ್ಲಿರಲಿ, ಒಂದೇ ದರ್ಜೆಯಲ್ಲಿ ಬಂದು ಕೂರುತ್ತವೆ. ಬುಡದಿಂದ ಎಣಿಸಿದರೆ ಅವು ಚದುರಿಹೋಗುತ್ತವೆ, ಸರಾಸರಿಯಲ್ಲಿ ಕರಗಿಹೋಗುತ್ತವೆ.

ಪರಿಸರದ ಬರಹಗಳಲ್ಲಿ ನದಿ, ಮರ, ಶ್ವಾಸಕೋಶ ಮೂರೂ ಒಂದೇ ಆಕಾರವೆಂದು ಕೊಂಡಾಡುವ ವಾಡಿಕೆಯಿದೆ. ಫ್ರ್ಯಾಕ್ಟಲ್ ಎಂಬ ಮಾತನ್ನು ಬಳಕೆಗೆ ತಂದ ಮ್ಯಾಂಡೆಲ್‌ಬ್ರಾಟ್ ಅವರೂ ಶ್ವಾಸಕೋಶವನ್ನು ಉದಾಹರಿಸಿದ್ದರು. ಆಕಾರದ ಹೋಲಿಕೆ ಚೆಲುವಾದದ್ದೇ. ಆದರೆ ಹೋಲಿಕೆಗಿಂತ ವ್ಯತ್ಯಾಸದಲ್ಲಿ ಪಾಠ ಹೆಚ್ಚಿದೆ. ಹೊಳೆ ತುದಿಗಳಿಂದ ಕೂಡಿಸಿಕೊಂಡು ಬರುತ್ತದೆ, ಹೂಳನ್ನು ಕಡಲಿಗೋ ಅಣೆಕಟ್ಟಿಗೋ ಒಯ್ದು ಹಾಕುತ್ತದೆ. ಶ್ವಾಸಕೋಶ ತುದಿಗಳಿಗೆ ಹಂಚುತ್ತದೆ, ಹೂಳನ್ನು ತುದಿಯಲ್ಲಿಯೇ ಬಿಡುತ್ತದೆ.

ಕವಲಿನ ಅನುಪಾತಕ್ಕೂ ಒಂದು ಕಥೆಯಿದೆ. ಕೊಳವೆಯ ಗೋಡೆಗೆ ಖರ್ಚಾಗುವ ಜಾಗವನ್ನೂ ಹರಿವಿಗೆ ಬೇಕಾಗುವ ಶಕ್ತಿಯನ್ನೂ ತೂಗಿನೋಡಿದರೆ, ಮರಿಕೊಳವೆಯ ವ್ಯಾಸವು ತಾಯಿಕೊಳವೆಯ ವ್ಯಾಸದ 0.79ರಷ್ಟು, ಅಂದರೆ ಅರ್ಧದ ಘನಮೂಲದಷ್ಟು, ಇದ್ದರೆ ಮಿತವ್ಯಯ ಎಂದು ರಕ್ತನಾಳಗಳ ವಿಷಯದಲ್ಲಿ 1914ರಲ್ಲಿ ಹೆಸ್, 1926ರಲ್ಲಿ ಮರ್ರೆ ತೋರಿಸಿದ್ದರು. ವೈಬೆಲ್ ಅವರ ಅಳತೆಗಳೂ ಸ್ಥೂಲವಾಗಿ ಇದಕ್ಕೆ ಹೊಂದುತ್ತಿದ್ದವು. ಪ್ರಕೃತಿ ಅತ್ಯುತ್ತಮವಾದುದನ್ನೇ ಆರಿಸಿಕೊಂಡಿದೆ ಎಂದು ಹೇಳಿ ಮುಗಿಸಬಹುದಾಗಿತ್ತು. ಆದರೆ 2004ರಲ್ಲಿ ಮೊರುವಾ, ಫಿಲೋಶ್, ಸಪೋವಲ್ ಎಂಬ ಫ್ರಾನ್ಸಿನ ಸಂಶೋಧಕರು ವೈಬೆಲ್ ಅವರೊಡನೆ ‘ನೇಚರ್’ ಪತ್ರಿಕೆಯಲ್ಲಿ ಬರೆದ ಲೇಖನ ಬೇರೊಂದು ಮಾತನ್ನು ಹೇಳಿತು. ಮನುಷ್ಯರ ಸಣ್ಣ ಗಾಳಿದಾರಿಗಳಲ್ಲಿ ಈ ಅನುಪಾತ 0.79 ಅಲ್ಲ, ಸುಮಾರು 0.85. ಅತ್ಯುತ್ತಮ ಅಂಕಿಗೇ ಅಂಟಿಕೊಂಡಿದ್ದರೆ ಅಪಾಯವಾಗುತ್ತಿತ್ತು.

ಈ ಅಪಾಯವನ್ನು ಯಾವ ವಿದ್ಯಾರ್ಥಿಯೂ ಗುಣೋತ್ತರ ಶ್ರೇಢಿಯಿಂದ ಪರೀಕ್ಷಿಸಿ ನೋಡಬಹುದು. ನಿಧಾನವಾದ ಹರಿವಿಗೆ ಕೊಳವೆ ಒಡ್ಡುವ ತಡೆಯು ಉದ್ದಕ್ಕೆ ಅನುಗುಣವಾಗಿ ಏರುತ್ತದೆ, ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಇಳಿಯುತ್ತದೆ. ಮೊದಲ ಕೊಳವೆಯ ತಡೆಯನ್ನು 1 ಎಂದು ಹಿಡಿದು, ಸಮಸಮವಾಗಿ ಕವಲೊಡೆಯುವ 17 ತಲೆಮಾರುಗಳ ಮರದ ಒಟ್ಟು ತಡೆಯನ್ನು ಕೂಡಿಸಬೇಕು. ಉದ್ದವೂ ವ್ಯಾಸವೂ ಪ್ರತಿ ಕವಲಿನಲ್ಲಿ ಒಂದೇ ಅನುಪಾತದಲ್ಲಿ ಇಳಿದರೆ, ಶ್ರೇಢಿಯ ಸಾಮಾನ್ಯ ಅನುಪಾತವು, ಕವಲಿನ ಅನುಪಾತದ ಘನದ ಎರಡು ಪಟ್ಟಿನಿಂದ ಒಂದನ್ನು ಭಾಗಿಸಿದಷ್ಟು. ಕವಲಿನ ಅನುಪಾತ 0.85 ಆದಾಗ ಒಟ್ಟು ತಡೆ 5ಕ್ಕಿಂತ ಸ್ವಲ್ಪ ಹೆಚ್ಚು. ಅರ್ಧದ ಘನಮೂಲವೇ ಆದಾಗ 17. 0.75ಕ್ಕೆ ಇಳಿದರೆ 90 ದಾಟುತ್ತದೆ. ಕವಲಿನಿಂದ ಕವಲಿಗೆ ಕಣ್ಣಿಗೆ ಕಾಣದಷ್ಟು ಕಿರಿದಾದದ್ದು ಹದಿನೇಳು ಹೆಜ್ಜೆಗಳಲ್ಲಿ ಗುಣಿಸಿಕೊಂಡು ಬಂದು ಉಸಿರನ್ನೇ ಹಿಡಿಯುತ್ತದೆ. 0.85 ಎಂಬುದು ಆ ಕಡಿದಾದ ಇಳಿಜಾರಿನಿಂದ ದೂರ ನಿಲ್ಲಿಸುವ ಬೇಲಿ. ಅದಕ್ಕೆ ತೆರಬೇಕಾದ ಬೆಲೆ ಎಂದರೆ ಕೊಳವೆಗಳೇ ಹೆಚ್ಚು ಜಾಗ ಹಿಡಿಯುವುದು. ಊತದಿಂದಲೋ ಲೋಳೆಯಿಂದಲೋ ಕೊಳವೆಗಳು ಇರುಕಾದಾಗ ಸವೆಯುವುದು ಈ ಬೇಲಿಯೇ. ಬೇಲಿ ಸವೆಯುವಷ್ಟು ಕಾಲ ಉಸಿರಾಡುವವರಿಗೆ ಅದರ ಅರಿವಾಗುವುದಿಲ್ಲ.

ಅರಿವಾಗುವುದಿಲ್ಲ ಎಂಬುದು ಉತ್ಪ್ರೇಕ್ಷೆಯಲ್ಲ. ಎರಡು ಮಿಲಿಮೀಟರಿಗಿಂತ ಕಿರಿದಾದ ದಾರಿಗಳು, ವೈಬೆಲ್ ಅವರ ಎಣಿಕೆಯಲ್ಲಿ ಸರಿಸುಮಾರು ಎಂಟನೆಯ ತಲೆಮಾರಿನಿಂದ ಕೆಳಗಿನವು, ಆರೋಗ್ಯವಂತ ಶ್ವಾಸಕೋಶದ ಒಟ್ಟು ತಡೆಯಲ್ಲಿ ಸಣ್ಣ ಪಾಲನ್ನು ಮಾತ್ರ ಹೊಂದಿವೆಯೆಂದು 1967ರಲ್ಲಿ ಮ್ಯಾಕ್ಲೆಮ್ ಮತ್ತು ಮೀಡ್ ಅಳೆದು ತೋರಿಸಿದರು. ಒಂದೊಂದೂ ಇಕ್ಕಟ್ಟಾದರೂ ಲಕ್ಷಾಂತರ ದಾರಿಗಳು ಅಕ್ಕಪಕ್ಕದಲ್ಲಿ ತೆರೆದಿರುವುದೇ ಇದಕ್ಕೆ ಕಾರಣ. ಆ ಪಾಲನ್ನು ನೂರಕ್ಕೆ ಹತ್ತು ಎಂದು ಹಿಡಿದರೆ, ಅವುಗಳಲ್ಲಿ ಅರ್ಧದಷ್ಟು ಮುಚ್ಚಿಹೋದಾಗ ಹತ್ತು ಇಪ್ಪತ್ತಾಗುತ್ತದೆ; ಒಟ್ಟು ತಡೆ ನೂರರಿಂದ ನೂರಹತ್ತಕ್ಕೆ ಏರುತ್ತದೆ. ಆರೋಗ್ಯವಂತರಲ್ಲಿಯೇ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸ ಇದಕ್ಕಿಂತ ಹೆಚ್ಚು. ಊದಿಸಿ ನೋಡುವ ಸಾಧಾರಣ ಪರೀಕ್ಷೆ ಇದನ್ನು ಹಿಡಿಯಲಾರದು. ಮೀಡ್ ಅವರು 1970ರಲ್ಲಿ ಈ ಭಾಗಕ್ಕೆ ಶ್ವಾಸಕೋಶದ ನಿಶ್ಶಬ್ದ ವಲಯವೆಂದು ಹೆಸರಿಟ್ಟರು. ದೀರ್ಘಕಾಲದ ಉಸಿರುಕಟ್ಟುವ ಕಾಯಿಲೆಯಿದ್ದವರ ಶ್ವಾಸಕೋಶಗಳನ್ನು 2011ರಲ್ಲಿ ಸೂಕ್ಷ್ಮ ಸಿ.ಟಿ. ಯಂತ್ರದಿಂದ ಪರಿಶೀಲಿಸಿದಾಗ, ಗಾಳಿಗೂಡುಗಳು ಹರಿದುಹೋಗುವುದಕ್ಕೆ ಮುಂಚೆಯೇ ತುದಿಯ ಕಿರುದಾರಿಗಳು ಕಿರಿದಾಗಿ, ಸಂಖ್ಯೆಯಲ್ಲಿಯೂ ಬಹಳ ಕಡಿಮೆಯಾಗಿರುವುದು ಕಂಡುಬಂದಿತು.

ಹೀಗಿರುವಾಗ, ಕಾಯಿಲೆ ಕಂಡುಬಂದಿಲ್ಲ ಎಂಬ ವಾಕ್ಯಕ್ಕೆ ಕಾಯಿಲೆ ಇಲ್ಲ ಎಂಬ ಅರ್ಥ ಬರುವುದಿಲ್ಲ. ಆಸ್ಪತ್ರೆಯ ದಾಖಲೆಯೆಂದರೆ ಬುಡದಿಂದ ಎಣಿಸಿದ ಲೆಕ್ಕ. ಕ್ರಷರ್ ಸದ್ದು ಮಾಡುತ್ತ ಕೆಲವು ವರ್ಷಗಳಾದವು, ಯಾರಿಗೂ ಏನೂ ಆಗಿಲ್ಲ ಎಂದು ವಾದಿಸುವವರು ಸುಳ್ಳನ್ನೇ ಹೇಳುತ್ತಿದ್ದಾರೆಂದಲ್ಲ; ಕಾಣಿಸದಿರುವುದು ಆ ಅಂಗದ ರಚನೆಯಲ್ಲಿಯೇ ಇದೆ.

ಮಾದರಿಗಳಿಗೂ ಅವುಗಳದೇ ಕೊರತೆಗಳಿವೆ. ಅವು ಹುಟ್ಟಿದ್ದು ಬೆರಳೆಣಿಕೆಯ ವಯಸ್ಕರ ಶ್ವಾಸಕೋಶಗಳಿಂದ, ಅದೂ ಯುರೋಪು ಅಮೆರಿಕಗಳಲ್ಲಿ. ಒಂದೇ ಗಾತ್ರದ ಶ್ವಾಸಕೋಶವಿದ್ದರೂ ಹೆಂಗಸರ ಗಾಳಿದಾರಿಗಳು ಗಂಡಸರವಕ್ಕಿಂತ ಸಾಮಾನ್ಯವಾಗಿ ಕಿರಿದು. ಶ್ವಾಸಕೋಶದ ಗಾತ್ರಕ್ಕೆ ಹೋಲಿಸಿದರೆ ದಾರಿಗಳು ಕಿರಿದಾಗಿರುವವರಲ್ಲಿ, ಅವರು ಬೀಡಿ ಸಿಗರೇಟು ಮುಟ್ಟದವರಾದರೂ, ಇಳಿವಯಸ್ಸಿನಲ್ಲಿ ಉಸಿರುಕಟ್ಟುವ ಕಾಯಿಲೆ ಹೆಚ್ಚೆಂದು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು. ಮಕ್ಕಳ ವಿಷಯ ಇನ್ನೂ ಸೂಕ್ಷ್ಮವಾದದ್ದು. ಗಾಳಿ ಸಾಗಿಸುವ ಕವಲುಗಳೆಲ್ಲ ತಾಯಿಯ ಗರ್ಭದಲ್ಲಿ, ಹದಿನಾರನೆಯ ವಾರದ ಹೊತ್ತಿಗೆ, ಮೂಡಿಬಿಟ್ಟಿರುತ್ತವೆ. ಆಮೇಲೆ ಅವು ಬೆಳೆಯುತ್ತವೆಯೇ ಹೊರತು ಹೊಸದಾಗಿ ಕವಲೊಡೆಯುವುದಿಲ್ಲ. ಗಾಳಿಗೂಡುಗಳು ಬಾಲ್ಯದಲ್ಲಿಯೂ ಹೆಚ್ಚುತ್ತ ಹೋಗುತ್ತವೆ. ಸರಾಸರಿ ವಯಸ್ಕನ ಲೆಕ್ಕ ಈ ಯಾರ ಎದೆಗೂ ಸರಿಹೊಂದುವುದಿಲ್ಲ. ಕಲ್ಲು ಒಡೆಯುವ, ಬುಟ್ಟಿ ಹೊರುವ ಕೂಲಿಯವರ ಲೆಕ್ಕವೂ ಬೇರೆ. ದುಡಿಯುವಾಗ ಉಸಿರಿನ ಗಾಳಿ ವಿಶ್ರಾಂತಿಯಲ್ಲಿದ್ದುದರ ಹಲವು ಪಟ್ಟಾಗುತ್ತದೆ, ಬಾಯಿ ತೆರೆದು ಉಸಿರಾಡುವಾಗ ಮೂಗಿನ ಸೋಸುವಿಕೆಯೂ ತಪ್ಪುತ್ತದೆ.

ಧೂಳಿನ ಮಾತನ್ನು ಆಡುವಾಗ ಮನೆಯೊಳಗಿನ ಹೊಗೆಯನ್ನು ಬಿಟ್ಟರೆ ಅದು ಪ್ರಾಮಾಣಿಕವಾಗಲಾರದು. ಕಟ್ಟಿಗೆಯ ಹೊಗೆಯ ಕಣಗಳಲ್ಲಿ ಹೆಚ್ಚಿನವು ಒಂದು ಮೈಕ್ರಾನಿಗಿಂತ ಸಣ್ಣವು, ಅಂದರೆ ನೇರವಾಗಿ ತುದಿಗೆ ಹೋಗಬಲ್ಲವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರವು ಹೊಗೆಕೊಳವೆಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿ ದಶಕಗಳು ಕಳೆದಿವೆ, 2016ರಲ್ಲಿ ಉಜ್ವಲ ಯೋಜನೆಯೂ ಬಂದಿತು. ಆದರೂ ಮಲೆನಾಡಿನಲ್ಲಿ ಬಚ್ಚಲ ಒಲೆ, ಅಡಿಕೆ ಬೇಯಿಸುವ ಒಲೆಗಳು ಕಟ್ಟಿಗೆಯನ್ನೇ ನೆಚ್ಚಿವೆ. ಗಣಿಯ ಧೂಳನ್ನು ಪ್ರಶ್ನಿಸುವ ಸಂಘಟನೆಗಳು ಅಡಿಕೆ ಸುಗ್ಗಿಯ ಹೊಗೆಯಲ್ಲಿ ಕೂತ ಹೆಂಗಸರ ಎದೆಯನ್ನು ಕುರಿತು ಅಷ್ಟೇ ಗಟ್ಟಿಯಾಗಿ ಮಾತನಾಡಿದ್ದು ಕಡಿಮೆ. ಒಂದೇ ಎದೆಗೆ ಎರಡೂ ಸೇರುತ್ತಿರುವಾಗ ಮಿತಿಗಳನ್ನು ಬೇರೆ ಬೇರೆಯಾಗಿ ಅಳೆಯುವುದರಲ್ಲಿ ಅರ್ಥವಿಲ್ಲ.

ಜಲ್ಲಿ ಬೇಡವೆನ್ನುವಂತಿಲ್ಲ, ಊರಿನ ರಸ್ತೆಗೂ ಶಾಲೆಯ ಕಟ್ಟಡಕ್ಕೂ ಅದು ಬೇಕು. ಕೇಳಬೇಕಾದ ಪ್ರಶ್ನೆಗಳು ಬದಲಾಗಬೇಕು. ಒಟ್ಟು ಧೂಳಿನ ಅಂಕಿಯ ಬದಲು ಕಣಗಾತ್ರದ ವಿಂಗಡಣೆಯನ್ನೂ ಸಿಲಿಕಾದ ಪಾಲನ್ನೂ ಕೇಳಬೇಕು. ಕೆಲಸ ಆರಂಭವಾಗುವುದಕ್ಕೆ ಮೊದಲೇ ಕೂಲಿಯವರದೂ ಹತ್ತಿರದ ಮನೆಗಳ ಹೆಂಗಸರದೂ ಉಸಿರಿನ ಅಳತೆ ದಾಖಲಾಗಿರಬೇಕು. ಒಬ್ಬರ ಉಸಿರನ್ನು ಇಡೀ ಜನಸಮುದಾಯದ ಸರಾಸರಿಗೆ ಹೋಲಿಸುವ ಬದಲು, ಅವರದೇ ಹಿಂದಿನ ವರ್ಷದ ಅಳತೆಗೆ ಹೋಲಿಸಿದಾಗ ನಿಶ್ಶಬ್ದ ವಲಯದ ಸುಳಿವು ಬೇಗ ಸಿಗುವ ಸಾಧ್ಯತೆಯಿದೆ. ನೀರು ಚಿಮುಕಿಸುತ್ತೇವೆ ಎಂಬ ಭರವಸೆಯನ್ನೂ ಹಾಗೆಯೇ ಒಪ್ಪಿಕೊಳ್ಳುವಂತಿಲ್ಲ. ದಪ್ಪ ಹನಿಗಳು ದಪ್ಪ ಧೂಳನ್ನು ಕೆಡವುತ್ತವೆ, ಎಲೆಗಳ ಮೇಲಿನ ಬಿಳಿ ಪದರ ಕಡಿಮೆಯಾಗುತ್ತದೆ; ಒಂದೆರಡು ಮೈಕ್ರಾನಿನ ಕಣಗಳು ಆ ಹನಿಗಳ ಪಕ್ಕದಿಂದಲೇ ನುಸುಳಿ ಹೋಗಬಲ್ಲವು. ನೀರು ಚಿಮುಕಿಸಿದ ದಿನದ್ದೂ ಚಿಮುಕಿಸದ ದಿನದ್ದೂ ಸಣ್ಣ ಕಣಗಳ ಅಳತೆಯನ್ನು ಪ್ರತ್ಯೇಕವಾಗಿ ಕೊಡಿ ಎಂದು 2006ರ ಅಧಿಸೂಚನೆಯಂತೆ ನಡೆಯುವ ಸಾರ್ವಜನಿಕ ಅಹವಾಲು ಸಭೆಯಲ್ಲಿ ಲಿಖಿತವಾಗಿ ಕೇಳಬಹುದು. ಅಂತಹ ಸಭೆಯ ವ್ಯಾಪ್ತಿಗೆ ಬಾರದ ಸಣ್ಣ ಗಣಿಗಳ ಮಟ್ಟಿಗೆ ಗ್ರಾಮಸಭೆಯ ನಡಾವಳಿ ಪುಸ್ತಕವಿದೆ.